ಕೊಂಬಿನ ಅಜ್ಜನ ಪ್ರಶ್ನೆ

“ಎಡಕ್ಕೆ ಮೂರು. ಸಾಕು, ನಿಲ್ಲು. ಇನ್ನೊಂದು ಹೆಜ್ಜೆ ಇಟ್ಟರೆ ಗುಂಡಿ.”

ಯೂಸುಫ್ ವಿಡಿಯೋ ಗೇಮಿನ ರಿಮೋಟಿನಿಂದ ಹೆಬ್ಬೆರಳನ್ನು ಎತ್ತಿದ. ಟೀವಿಯೊಳಗೆ ಕಲ್ಲಿನ ಮೇಲೆ ಟಪಟಪ ಎನ್ನುತ್ತಿದ್ದ ಹೆಜ್ಜೆಗಳು ನಿಂತವು. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯಿತು.

“ಈಗ ಮೇಲೆ ಹೋಗ್ಲಾ?”

“ಮೇಲೆ ಗೋಡೆ ಉಂಟು. ಬಲಕ್ಕೆ ಒಂದು, ಆಮೇಲೆ ಮೇಲೆ. ಅವಸರ ಮಾಡಬೇಡ ಕಾಕ. ಆಗಲೂ ನಿನ್ನದು ಇದೇ ಚಾಳಿ.”

ಅಣ್ಣನನ್ನು ಮುನೀರಾ ಕಾಕ ಎಂದೇ ಕರೆಯುವುದು. ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತೊಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಆರು ಹಾಳೆಗಳು. ಅವುಗಳ ಎದುರು ಬದಿಯಲ್ಲಿ ತಿಂಗಳು, ತಾರೀಕು, ಕಾಪುವಿನಲ್ಲಿ ಈಗ ಇಲ್ಲದ ಒಂದು ಜವಳಿ ಅಂಗಡಿಯ ಹೆಸರು. ಹಿಂಬದಿಯಲ್ಲಿ ಪೆನ್ಸಿಲಿನ ಗುಹೆ. ಗೋಡೆಗೆ ಗೆರೆ, ಗುಂಡಿಗೆ ಸೊನ್ನೆ, ಮೆಟ್ಟಿಲಿಗೆ ಪುಟ್ಟ ಏಣಿ. ಹದಿಮೂರು ವರ್ಷದ ಹುಡುಗಿಯಾಗಿದ್ದಾಗ ಅವಳೇ ಬರೆದದ್ದು. ಹೋದ ವಾರ ಅಟ್ಟದಿಂದ ಇಳಿಸಿದಾಗ ಆಟದ ಡಬ್ಬಿ, ಅದರ ಕ್ಯಾಸೆಟ್, ಈ ಹಾಳೆಗಳು ಮೂರೂ ಉಮ್ಮನ ಹಳೆಯ ದುಪ್ಪಟ್ಟಿಯೊಂದರಲ್ಲಿ ಸುತ್ತಿಕೊಂಡಿದ್ದವು. ತಾಯಿ ತೀರಿಹೋಗಿ ಒಂಬತ್ತು ವರ್ಷ. ಎಸೆಯದೆ ಸುತ್ತಿಟ್ಟದ್ದು ಅವಳೇ ಇರಬೇಕು.

ಯೂಸುಫನಿಗೆ ಟೀವಿ ಎಂದರೆ ಒಂದು ಬೆಳಕಿನ ಕಿಟಕಿ, ಅಷ್ಟೇ. ಬಲಗಣ್ಣು ಹೋದ ವರ್ಷವೇ ಹೋಗಿತ್ತು. ಎಡಗಣ್ಣಿನೊಳಗೆ ರಕ್ತ ಒಸರಿ, ನೀರಿಗೆ ಶಾಯಿ ಬಿದ್ದಂತೆ ಕಪ್ಪು ಎಳೆಗಳು ತೇಲುತ್ತಿದ್ದವು. ಕೆಳಗಿನ ಮೂಲೆಯಲ್ಲಿ ಮಾತ್ರ ನಾಣ್ಯದಷ್ಟು ಜಾಗ ಇನ್ನೂ ತಿಳಿಯಾಗಿತ್ತು. ಏನಾದರೂ ನೋಡಬೇಕೆಂದರೆ ಅವನು ನೀರು ಕುಡಿಯುವ ಕೋಳಿಯ ಹಾಗೆ ಗದ್ದ ಎತ್ತಿ, ಆ ನಾಣ್ಯವನ್ನು ವಸ್ತುವಿನ ಮೇಲೆ ತಂದು ಇಡಬೇಕಿತ್ತು. ನಾಳೆ ಬೆಳಿಗ್ಗೆ ಎಂಟಕ್ಕೆ ಮಣಿಪಾಲದಲ್ಲಿ ಆ ಕಣ್ಣಿನ ಆಪರೇಶನ್. ಆದ ಮೇಲೆ ಹತ್ತು ದಿನ ಮುಖ ಅಡಿ ಮಾಡಿ ಮಲಗಬೇಕು. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಇಷ್ಟು ಕಂಡರೂ ಕಾಣಬಹುದು, ಇದೂ ಇಲ್ಲದೆ ಹೋಗಬಹುದು ಎಂದಿದ್ದರು.

ಅದಕ್ಕೇ ಈ ಆಟ. ಮನೆಯವರೆಲ್ಲ ಅವನಿಗೆ ಹೊತ್ತು ಹೋಗಲಿ ಎಂದು ಸುಮ್ಮನಿದ್ದರು. ಅವನಿಗೆ ಬೇಕಾದದ್ದು ಹೊತ್ತು ಹೋಗುವುದಲ್ಲ. ಈ ಗುಹೆಯಿಂದ ಕೆಂಪು ಲಂಗದ ಒಂದು ಹುಡುಗಿ ಹೊರಗೆ ಬರಬೇಕು. ಅದನ್ನು ಅವನು ನೋಡಬೇಕು.

ಆ ಡಬ್ಬಿಯನ್ನು ಉಪ್ಪ, ಅವರ ತಂದೆ, ದುಬೈಯ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದಿದ್ದರು. ಜೊತೆಗೆ ಬಂದದ್ದು ಒಂದೇ ಕ್ಯಾಸೆಟ್. ಒಳಗಿನ ಬರಹ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಅಣ್ಣ ತಂಗಿ ಅದನ್ನು ಚೀನೀ ಭಾಷೆ ಎಂದುಕೊಂಡಿದ್ದರು. ಜಪಾನಿನದ್ದು ಎಂದು ಹೇಳಿದ್ದು ಮುನೀರಾಳ ಮಗಳು ಹಫೀಝಾ, ಅದೂ ಮೊನ್ನೆ. ಅಂಕೆಗಳು ಮಾತ್ರ ನಮ್ಮವೇ ಇದ್ದವು. ಉಳಿದದ್ದಕ್ಕೆಲ್ಲ ಇಬ್ಬರೂ ಸೇರಿ ಹೆಸರಿಟ್ಟಿದ್ದರು. ಅಕ್ಕಿ ಕಡುಬಿನ ಹಾಗೆ ತೊಳತೊಳ ಕುಣಿಯುವ ಬಿಳಿ ಉಂಡೆಗಳು ಪುಂಡಿ. ಕತ್ತಿ ಹಿಡಿದ ಅಸ್ಥಿಪಂಜರ ಎಲುಬಣ್ಣ. ಕುಡಿದರೆ ಜೀವ ಏರುವ ಬಾಟಲಿ ಶರಬತ್ತು. ಮುಂದೆ ನಡೆಯುವ ನೀಲಿ ಅಂಗಿಯವನು ಯೂಸುಫ್, ಹಿಂದೆ ಬರುವ ಕೆಂಪು ಲಂಗದವಳು ಮುನೀರಾ. ಯಾರಾದರೂ ಏನಾದರೂ ಕೇಳಿದರೆ ಎರಡು ಸಾಲು ಬರುತ್ತಿದ್ದವು, ಮೇಲೊಂದು ಕೆಳಗೊಂದು. ಮೇಲಿನದ್ದು ಒತ್ತಿದರೆ ಅಂಗಡಿಯವ ಶರಬತ್ತು ಕೊಡುತ್ತಿದ್ದ, ಲಾಡ್ಜಿನವ ಮಲಗಲು ಹಾಸಿಗೆ ಕೊಡುತ್ತಿದ್ದ. ಕೆಳಗಿನದ್ದು ಒತ್ತಿದರೆ ಮುಖ ತಿರುಗಿಸುತ್ತಿದ್ದರು. ಹಾಗಾಗಿ ಮೇಲಿನದ್ದೇ ಸರಿ ಎಂಬುದು ಇಬ್ಬರ ಕಾನೂನಾಯಿತು. ಆ ಬೇಸಿಗೆ ಇಡೀ ಅದು ಒಮ್ಮೆಯೂ ತಪ್ಪಲಿಲ್ಲ.

ಗುಹೆಯ ತಳದಲ್ಲಿದ್ದ ಕೊಂಬಿನ ಅಜ್ಜನ ತನಕ ಅವರು ತಲುಪಿದ್ದು ಒಂದೇ ಸಲ. ಯೂಸುಫ್ ದುಡಿಯಲು ಸೌದಿಯ ದಮ್ಮಾಮಿಗೆ ಹೊರಡುವ ಹಿಂದಿನ ದಿನ. ಹೊಡೆದಾಟದಲ್ಲಿ ಕೊನೆಗೆ ಒಂದೇ ಶರಬತ್ತು ಉಳಿದಿತ್ತು. ಅದನ್ನು ಯೂಸುಫ್ ತಾನೇ ಕುಡಿದ. ಆಮೇಲೆ ಅಜ್ಜ ಹೊಡೆಯುವುದನ್ನು ನಿಲ್ಲಿಸಿ ಏನೋ ಕೇಳಿದ. ಯೂಸುಫ್ ಮೇಲಿನದ್ದು ಒತ್ತಿದ. ಪರದೆ ಬೆಳ್ಳಗಾಯಿತು. ನೋಡಿದರೆ ಊರು, ಊರ ತುಂಬ ಜನ, ಮನೆಗಳ ಮಾಡಿನ ಮೇಲಿಂದ ಹಳದಿ ಕೆಂಪು ಹೂ ಎರಚುತ್ತಿದ್ದಾರೆ, ನೀಲಿ ಅಂಗಿಯವನು ನಡುವೆ ನಡೆದು ಬರುತ್ತಿದ್ದಾನೆ. ಒಬ್ಬನೇ.

“ನಾನೆಲ್ಲಿ?” ಎಂದು ಕೇಳಿದ್ದಳು ಮುನೀರಾ.

ಹುಡುಕಿದರೆ ಗುಹೆಯ ಬಾಯಿಯೇ ಮುಚ್ಚಿತ್ತು. ಶರಬತ್ತು ಕೊಡದೆ ಅಣ್ಣ ತನ್ನನ್ನು ಕೊಂದ ಎಂದು ಅವಳು ಅತ್ತು, ಟೀವಿಯ ವಯರು ಕಿತ್ತು, ಪಕ್ಕದ ಅಪೊಲೋನಿಯಾ ಬಾಯಿಯ ಮನೆಗೆ ಓಡಿದಳು. ಮರುದಿನ ಮುಂಬಯಿ ಬಸ್ಸಿಗೆ ಅವನನ್ನು ಬಿಡಲು ಇಡೀ ಬೀದಿಯೇ ಹೈವೇಗೆ ಬಂದಿತ್ತು. ಅವಳು ಬರಲಿಲ್ಲ. ಅಪೊಲೋನಿಯಾ ಬಾಯಿಯ ಜಗಲಿಯಲ್ಲಿ ಬಾಳೆನಾರಿಗೆ ಮಲ್ಲಿಗೆ ಕಟ್ಟುತ್ತಾ ಕೂತು ಬಸ್ಸಿನ ಹಾರ್ನ್ ಕೇಳಿದಳಂತೆ. ಇದು ಎಷ್ಟೋ ವರ್ಷದ ಮೇಲೆ ಬಾಯಿಯೇ ಹೇಳಿದ್ದು.

ಅಂದಿನಿಂದ ಇಪ್ಪತ್ತಾರು ವರ್ಷ ಫೋನಿನಲ್ಲಿ ಮುನೀರಾಳ ಮೊದಲ ಮಾತು ಒಂದೇ. “ಶರಬತ್ತು ಕುಡಿದಾಯ್ತಾ ಕಾಕ?” ಅವಳ ನಿಕಾಹ್ ದಿನವೂ ಅದೇ ಕೇಳಿದಳು. ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ, “ಅದೇ ಶರಬತ್ತಿನದ್ದು, ಈಗ ಅನುಭವಿಸು” ಎಂದಿದ್ದಳು. ಆಮೇಲೆ ಅವನೇ ಇಡುವ ತನಕ ಫೋನು ಇಡಲಿಲ್ಲ.

“ಮಾಮ, ಈ ಗುಹೆಯ ಇಡೀ ಮ್ಯಾಪು ಇಂಟರ್ನೆಟ್ಟಲ್ಲಿ ಉಂಟು,” ಎಂದಳು ಹಫೀಝಾ. ಅವಳು ಮಣಿಪಾಲದಲ್ಲಿ ಫಾರ್ಮಸಿ ಓದುವವಳು, ನಾಳೆ ಆಸ್ಪತ್ರೆಯಲ್ಲಿ ಓಡಾಡಲು ಜೊತೆಗಿರಲಿ ಎಂದು ಹಾಸ್ಟೆಲಿನಿಂದ ಬಂದಿದ್ದಳು. “ನೋಡಿ ಹೇಳ್ಲಾ?”

“ನನ್ನ ಮ್ಯಾಪಿಗೆ ಎಂತ ಆಗಿದೆ?” ಎಂದಳು ಮುನೀರಾ.

“ಗೆದ್ದಲು ತಿಂದಿದೆ ಉಮ್ಮ.”

“ಒಂದು ಮೂಲೆ ತಿಂದಿದೆ. ಅದಕ್ಕೆ ಇಡೀ ಮ್ಯಾಪು ಹಾಳಾ? ನೀನು ಫೋನು ಕೆಳಗಿಡು.”

ಹೊರಗಿನಿಂದ ಯಾರೋ ಕೆಮ್ಮಿದರು. ಬಚ್ಚಲಿನ ನುಣುಪು ಟೈಲ್ಸ್ ಕಿತ್ತು, ಕಾರ್ಕಳದ ಒರಟು ಕಲ್ಲು ಕೂರಿಸಲು ಬಂದಿದ್ದ ಯಮನೂರ ಮೇಸ್ತ್ರಿ. ಕಲ್ಲು ಕಳಿಸಿದ್ದು ಮುನೀರಾಳ ಗಂಡ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬರುವವನು ಜಾರಬಾರದು ಎಂದು.

“ಸಾಹೇಬ್ರ, ಎರಡ ಕಲ್ಲ ಕೊಯ್ಯೂದೈತ್ರಿ. ಮಿಷನ್ ಹಚ್ಚಲೇನ್ರಿ?”

“ಬೇಡ,” ಎಂದರು ಮೂವರೂ ಒಟ್ಟಿಗೆ.

ಕ್ಯಾಸೆಟ್ಟಿನೊಳಗಿನ ಸಣ್ಣ ಬ್ಯಾಟರಿ ಸತ್ತುಹೋಗಿತ್ತು. ಆಡಿದಷ್ಟು ಆಟ ಅದಕ್ಕೆ ನೆನಪು ಉಳಿಯುತ್ತಿರಲಿಲ್ಲ. ಒಮ್ಮೆ ಆರಿಸಿದರೆ ಆಟ ಮತ್ತೆ ಮೊದಲ ಊರಿನಿಂದಲೇ ಶುರು. ಹಾಗಾಗಿ ಡಬ್ಬಿ ನಾಲ್ಕು ದಿನದಿಂದ ಉರಿಯುತ್ತಲೇ ಇತ್ತು. ಸ್ವಿಚ್ಚಿನ ಮೇಲೆ ಯೂಸುಫನ ಹೆಂಡತಿ ‘ಮುಟ್ಟಬೇಡಿ’ ಎಂದು ಬರೆದು ಅಂಟಿಸಿದ್ದಳು. ಕರೆಂಟು ಹೋದರೆ ಇನ್ವರ್ಟರ್ ಇತ್ತು, ಆದರೆ ಯಮನೂರನ ಮಿಷನ್ ಒಮ್ಮೆ ಕಿರುಚಿದರೆ ಫ್ಯೂಸ್ ಹಾರುವುದು ಖಂಡಿತ. ನಿನ್ನೆಯೇ ಒಂದು ಸಲ ಫ್ಯಾನು ನಿಂತು ಎಲ್ಲರ ಜೀವ ಬಾಯಿಗೆ ಬಂದಿತ್ತು.

“ಆತು ತಗೋರಿ,” ಎಂದ ಯಮನೂರ. ಬಾಗಿಲಿನ ಚೌಕಟ್ಟಿಗೆ ಒರಗಿ, ಉಗುರಿನ ಸಿಮೆಂಟು ಕೀಳುತ್ತಾ ಅಲ್ಲೇ ನಿಂತ. “ಇನ್ನ ಎಷ್ಟ ದೂರ ಅದಾನ್ರಿ ಆ ಕೊಂಬಿನ ಅಜ್ಜ?”

“ಇನ್ನೊಂದು ಮಹಡಿ.”

ಐದನೆಯ ಹಾಳೆಯಲ್ಲಿ ಮುನೀರಾಳ ಬೆರಳು ನಿಧಾನವಾಗಿ ಸರಿಯಿತು. ಮೇಲೆ ನಾಲ್ಕು, ಬಲಕ್ಕೆ ಆರು, ಪುಂಡಿ ಬಂತು, ಹೊಡೆ, ಮತ್ತೆ ಮೇಲೆ ಎರಡು. ಆಮೇಲೆ ಬೆರಳು ನಿಂತಿತು. ಅಂಗೈಯಷ್ಟು ದೊಡ್ಡ ತೂತು. ಆಚೆ ದಡದಲ್ಲಿ ಏಣಿಯ ಚಿತ್ರ ಅರ್ಧ ಉಳಿದಿತ್ತು.

“ಇಲ್ಲಿಂದ ನನಗೆ ಕಾಣುವುದಿಲ್ಲ ಕಾಕ.”

“ಬೀಳುವ ಗುಂಡಿ ಇದ್ದದ್ದು ಇಲ್ಲೇ ಅಲ್ವಾ?”

“ಇಲ್ಲೇ. ಬಿದ್ದರೆ ಮತ್ತೆ ಮೊದಲನೇ ಮಹಡಿಯಿಂದ ಶುರು. ಆಗ ನೀನು ಹದಿನೇಳು ಸಲ ಬಿದ್ದಿದ್ದೆ.”

“ಹದಿನಾರು.”

“ಲೆಕ್ಕ ಇಟ್ಟವಳು ನಾನು.”

ಯೂಸುಫ್ ಗದ್ದ ಎತ್ತಿ ಪರದೆಯನ್ನು ಹುಡುಕಿದ. ಕಪ್ಪು ನೆಲದ ಮೇಲೆ ಕಪ್ಪು ಎಳೆಗಳು, ಯಾವುದು ಗುಹೆಯದ್ದು ಯಾವುದು ಕಣ್ಣಿನದ್ದು ಎಂದು ತಿಳಿಯಲಿಲ್ಲ. ಇಲ್ಲದ ಕಣ್ಣಿಗೆ ಇಷ್ಟೊಂದು ಕಷ್ಟ ಯಾಕೆ ಎನಿಸಿ ಅವನು ರೆಪ್ಪೆ ಮುಚ್ಚಿದ. ಹದಿನಾರೋ ಹದಿನೇಳೋ ಸಲ ಬಿದ್ದು ಎದ್ದದ್ದು ಕಣ್ಣಲ್ಲ, ಈ ಹೆಬ್ಬೆರಳು. ಅದನ್ನೇ ಅದರ ಪಾಡಿಗೆ ಬಿಟ್ಟುಬಿಟ್ಟ. ಬೆರಳು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮೇಲೆ ಒಂದು ಹೆಜ್ಜೆ. ಎಡಕ್ಕೆ ಎರಡು. ನಿಂತಿತು. ಕೆಳಗೆ ಒಂದು, ಅದು ಯಾಕೆಂದು ಅವನಿಗೆ ಗೊತ್ತಿಲ್ಲ, ಬೆರಳಿಗೆ ಗೊತ್ತಿರಬೇಕು. ಎಡಕ್ಕೆ ಮೂರು. ಮೇಲೆ, ಮೇಲೆ, ಮೇಲೆ. ಮೆಟ್ಟಿಲಿಳಿಯುವ ಸದ್ದು ಬಂತು, ಆ ನಾಲ್ಕು ಸ್ವರದ ಸದ್ದು.

“ಬಂತು ಏಣಿ,” ಎಂದಳು ಮುನೀರಾ ಮೆಲ್ಲಗೆ. ಪಕ್ಕದಲ್ಲಿದ್ದ ಹಫೀಝಾಳ ಪೆನ್ನು ತೆಗೆದು, ತೂತಿನ ಅಡಿಗೆ ಬೇರೆ ಕಾಗದ ಇಟ್ಟು, ಅಣ್ಣ ನಡೆದ ದಾರಿಯನ್ನು ಬರೆದಳು. ನಾಳೆಯ ಮೇಲೆ ಅದು ಯಾರಿಗೂ ಬೇಕಾಗಲಿಕ್ಕಿಲ್ಲ. ಆದರೂ ಬರೆದಳು.

ತಳದ ಮಹಡಿಯಲ್ಲಿ ದಾರಿ ಒಂದೇ. ನೇರ ಮೇಲೆ. ಸಂಗೀತ ಬದಲಾಯಿತು. ಯಾರೋ ಖಾಲಿ ಡ್ರಮ್ಮಿನೊಳಗೆ ಕೂತು ಬಡಿಯುವಂಥ ಸದ್ದು. ಅಜ್ಜ ಎದ್ದು ನಿಂತ. ಎರಡು ಕೊಂಬು, ಮೊಣಕಾಲಿನ ತನಕ ಬಿಳಿ ಗಡ್ಡ.

“ಎಪ್ಪಾ, ಗಡ್ಡ ನೋಡ್ರಿ ಇವಂದು,” ಎಂದ ಯಮನೂರ.

“ನಂಬರು ಹೇಳು,” ಎಂದ ಯೂಸುಫ್.

“ನಿನಗೆ ನೂರಾ ನಲವತ್ತು. ನನಗೆ ಎಂಬತ್ತೆಂಟು. ಶರಬತ್ತು ನಾಲ್ಕು.”

ಹೊಡೆದಾಟ ಸರದಿಯ ಪ್ರಕಾರ. ಇವರು ಏನು ಮಾಡಬೇಕೆಂದು ಆರಿಸಿ ಒತ್ತಬೇಕು, ಆಮೇಲೆ ಅವನ ಸರದಿ. ಆರಿಸುವ ತನಕ ಅಜ್ಜ ತಾಳ್ಮೆಯಿಂದ ಕಾಯುತ್ತಾನೆ. ಯೂಸುಫ್ ಸಾಲುಗಳನ್ನು ಟಿಕ್ ಟಿಕ್ ಸದ್ದಿನ ಮೇಲೆ ಎಣಿಸುತ್ತಿದ್ದ. ಒಂದು ಟಿಕ್ ಕತ್ತಿ, ಎರಡು ಟಿಕ್ ಬೆಂಕಿ, ಮೂರು ಟಿಕ್ ಶರಬತ್ತು. ನೀಲಿ ಅಂಗಿಯವನು ಕತ್ತಿ ಬೀಸಿದ. ಕೆಂಪು ಲಂಗದವಳು ಬೆಂಕಿ ಎಸೆದಳು. ಅಜ್ಜ ಬಾಯಿ ತೆರೆದು ಊದಿದ. ಅದು ಇಬ್ಬರಿಗೂ ಒಟ್ಟಿಗೆ ತಾಗುವ ಉಸಿರು.

“ನಿನಗೆ ನೂರಾ ಹತ್ತು. ನನಗೆ ಐವತ್ತೊಂದು.”

“ನಿನಗೆ ಶರಬತ್ತು.”

“ಈಗಲೇ ಬೇಡ ಮಾರಾಯ. ಉಳಿಸು.”

“ನಿನಗೆ ಶರಬತ್ತು,” ಎಂದು ಮೂರು ಟಿಕ್ ಒತ್ತಿದ.

ಹೀಗೇ ಮುಂದುವರಿಯಿತು. ಒಂದು ಕತ್ತಿ, ಒಂದು ಬೆಂಕಿ, ಒಂದು ಉಸಿರು, ಒಂದು ಶರಬತ್ತು. ತನಗೆ ಎಂಬತ್ತಾದರೂ ಅವಳಿಗೆ, ತನಗೆ ಅರುವತ್ತಾದರೂ ಅವಳಿಗೆ. ನಡುವೆ ಕರೆಂಟು ಹೋಯಿತು. ಇನ್ವರ್ಟರ್ ಕೀ ಎಂದು ಕೂಗಿ ಭಾರ ಹೊತ್ತುಕೊಂಡಿತು. ಯಮನೂರ ಹೇಳಿಸಿಕೊಳ್ಳದೆ ಹೋಗಿ ಒಳಗಿನ ಫ್ಯಾನು, ಲೈಟು ಎಲ್ಲ ಆರಿಸಿ ಬಂದ. “ಹೊಡೀರಿ ಸಾಹೇಬ್ರ, ಬ್ಯಾಟ್ರಿ ಹಳೇದೈತ್ರಿ,” ಎಂದ. ಸೆಕೆಗೆ ಎಲ್ಲರ ಬೆನ್ನೂ ಒದ್ದೆಯಾಯಿತು.

“ಶರಬತ್ತು ಮುಗಿಯಿತು,” ಎಂದಳು ಮುನೀರಾ.

“ನಾಲ್ಕೂ?”

“ನಾಲ್ಕೂ ನನ್ನ ಹೊಟ್ಟೆಗೇ ಹಾಕಿದೆಯಲ್ಲ. ಈ ಸಲ ಶುಗರ್ ಬರುವುದು ನನಗೆ.”

ಅವನು ನಕ್ಕ. ನಕ್ಕದ್ದರಿಂದ ಕಣ್ಣಿನ ಶಾಯಿ ಕದಡಿತು. ಮತ್ತೆ ಒಂದು ಕತ್ತಿ, ಒಂದು ಬೆಂಕಿ. ಅಜ್ಜ ಊದಿದ.

“ನಿನಗೆ ಹತ್ತೊಂಬತ್ತು,” ಎಂದಳು. ಆಮೇಲೆ ಸ್ವಲ್ಪ ತಡೆದು, “ನನಗೆ ಏಳು.”

ಡ್ರಮ್ಮಿನ ಸದ್ದು ಥಟ್ಟನೆ ನಿಂತಿತು. ಆ ಮೌನ ಯೂಸುಫನಿಗೆ ಗೊತ್ತು. ಇಪ್ಪತ್ತಾರು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಇದೇ ಗೋಡೆಗೆ ಬೆನ್ನು ಕೊಟ್ಟು ಕೇಳಿದ್ದ. ಅಕ್ಷರಗಳು ಒಂದೊಂದಾಗಿ ಉದುರುವ ಕಟಕಟ ಸದ್ದು. ಅಜ್ಜ ಏನೋ ಹೇಳುತ್ತಿದ್ದಾನೆ. ಆಮೇಲೆ ಎರಡು ಸಾಲು.

“ಕೇಳಿದ,” ಎಂದಳು ಮುನೀರಾ.

ಯೂಸುಫ್ ಬೆರಳನ್ನು ಮೇಲಿನದ್ದರ ಮೇಲೇ ಇಟ್ಟಿದ್ದ. ಈ ಸಲ ಅವಳಿಗೆ ಏಳಾದರೂ ಇದೆ. ಸತ್ತಿಲ್ಲ. ಒತ್ತಿದರೆ ಇಬ್ಬರೂ ಊರಿಗೆ. ಒತ್ತಲು ಬೆರಳು ಬಗ್ಗಿತು.

“ಮಾಮ, ನಿಲ್ಲಿ,” ಎಂದಳು ಹಫೀಝಾ.

ಅವಳು ಫೋನಿನ ಕ್ಯಾಮರಾವನ್ನು ಟೀವಿಗೆ ಹಿಡಿದಿದ್ದಳು. ಅಕ್ಷರ ತೋರಿಸಿದರೆ ಅರ್ಥ ಹೇಳುವ ಎಂಥದ್ದೋ ಅದರಲ್ಲಿತ್ತು.

“ನಿನಗೆ ಬೇಡ ಅಂತ ಹೇಳಿದ್ದಲ್ವಾ?” ಎಂದಳು ಮುನೀರಾ.

“ಸುಮ್ಮನೆ ನೋಡಿದೆ ಉಮ್ಮ. ಪೂರ್ತಿ ಸರಿ ಬರುವುದಿಲ್ಲ ಇದು. ಆದರೂ...” ಅವಳು ಫೋನನ್ನು ಹತ್ತಿರ ತಂದು ನಿಧಾನವಾಗಿ ಓದಿದಳು. “‘ಆಯಾಸವಾಗಿದೆ ನಿನಗೆ. ಹುಡುಗಿ ಇಲ್ಲಿ ಇರಲಿ. ನೀನು ಹೋಗು. ನಾನು ದಾರಿ ತೆರೆಯುತ್ತೇನೆ, ಊರಿಗೆ ಹಾನಿ ಮಾಡುವುದಿಲ್ಲ.’ ಮೇಲಿನದ್ದು, ಒಪ್ಪಿದೆ. ಕೆಳಗಿನದ್ದು, ಒಪ್ಪುವುದಿಲ್ಲ.”

ಇನ್ವರ್ಟರ್ ಕೀ ಎಂದಿತು.

“ಹಾಗಾದರೆ ಶರಬತ್ತಲ್ಲ,” ಎಂದ ಯೂಸುಫ್.

“ಅಲ್ಲ.”

“ನಾನೇ ಬಿಟ್ಟು ಹೋದದ್ದು.”

“ನಿನಗೆ ಓದಲಿಕ್ಕೆ ಬರುತ್ತಿತ್ತಾ?” ಎಂದಳು ಮುನೀರಾ. “ನಮಗೆ ಯಾರು ಕೇಳಿದರೂ ಮೇಲಿನದ್ದೇ. ಇಪ್ಪತ್ತಾರು ವರ್ಷ ಶರಬತ್ತಿನ ಹೆಸರಲ್ಲಿ ಬೈದೆ ನಿನಗೆ. ಪಾಪದ ಶರಬತ್ತು.”

ಅವಳ ದನಿಯಲ್ಲಿ ನಗು ಇತ್ತು, ನಗುವಿನ ಅಡಿಯಲ್ಲಿ ಬೇರೇನೋ ಇತ್ತು. ಯೂಸುಫನಿಗೆ ಹೈವೇ ನೆನಪಾಯಿತು. ಬಸ್ಸಿನ ಕಿಟಕಿಯಿಂದ ಜನರ ತಲೆಗಳ ನಡುವೆ ಒಂದು ಪುಟ್ಟ ತಲೆಗಾಗಿ ಹುಡುಕಿದ್ದ. ಆ ದಿನ ಅವನಿಗೆ ಎರಡೂ ಕಣ್ಣು ಚೆನ್ನಾಗಿ ಕಾಣುತ್ತಿತ್ತು.

“ಈಗ ಎಂತ ಮಾಡುದ್ರಿ?” ಎಂದ ಯಮನೂರ. ನಾಲ್ಕು ದಿನದ ಸಹವಾಸಕ್ಕೆ ಅವನ ಮಾತಿಗೂ ಕರಾವಳಿ ಹತ್ತಿತ್ತು.

ಮುನೀರಾ ಹಾಳೆಗಳನ್ನು ಕೆಳಗಿಟ್ಟು ಅಣ್ಣನ ಹತ್ತಿರ ಸರಿದಳು. ಅವನ ಹೆಬ್ಬೆರಳಿನ ಮೇಲೆ ತನ್ನ ಬೆರಳನ್ನು ಇಟ್ಟಳು, ಒತ್ತಲಿಲ್ಲ.

“ಕಾಕ, ಮೇಲಿನದ್ದೇ ಒತ್ತು.”

ಅವನು ತಿರುಗಿದ.

“ಹೇಳುವುದನ್ನು ಕೇಳು. ಕೆಳಗಿನದ್ದು ಒತ್ತಿದರೆ ಅವನು ಮತ್ತೆ ಊದುತ್ತಾನೆ. ನಾನೂ ಇಲ್ಲ, ನೀನೂ ಇಲ್ಲ, ಈ ನಾಲ್ಕು ದಿನವೂ ಇಲ್ಲ. ಇನ್ನೊಮ್ಮೆ ಮೊದಲಿನಿಂದ ಆಡಲಿಕ್ಕೆ ನಾಳೆ...” ನಾಳೆ ಎಂಬಲ್ಲಿ ಅವಳು ಸ್ವಲ್ಪ ನಿಂತಳು. “ಮೇಲಿನದ್ದು ಒತ್ತಿದರೆ ಊರು ಬರುತ್ತದೆ. ಹೂ ಎರಚುತ್ತಾರೆ. ಹಳದಿ, ಕೆಂಪು, ಎಷ್ಟು ಚಂದ ಇತ್ತು ಅದು. ಆವತ್ತು ನಾನು ವಯರು ಕಿತ್ತು ನಿನಗೆ ಪೂರಾ ನೋಡಲಿಕ್ಕೂ ಬಿಡಲಿಲ್ಲ. ಇವತ್ತು ಕೊನೆಯ ತನಕ ನೋಡು. ಆ ಹುಡುಗಿ ಅಲ್ಲಿ ಇದ್ದರೆ ಇರಲಿ. ನಾನು ಇಲ್ಲಿ ಇದ್ದೇನಲ್ಲ, ನಿನ್ನ ಬದಿಯಲ್ಲೇ. ನನಗೆ ಈಗ ಬೇಸರ ಇಲ್ಲ ಕಾಕ. ಅಲ್ಲಾಹನಾಣೆ ಇಲ್ಲ.”

ಯೂಸುಫ್ ಗದ್ದ ಎತ್ತಿದ. ನಾಣ್ಯದಷ್ಟು ತಿಳಿಯನ್ನು ಪರದೆಯ ಮೇಲೆ ನಿಧಾನವಾಗಿ ಸರಿಸಿದ. ಅಜ್ಜನ ಗಡ್ಡದ ಬಿಳುಪು ಸಿಕ್ಕಿತು, ದಾಟಿದ. ನೀಲಿ ಸಿಕ್ಕಿತು, ಅದನ್ನೂ ದಾಟಿದ. ಆಮೇಲೆ ಕೆಂಪು. ಉಗುರಿನಷ್ಟು ಕೆಂಪು, ಮೊಣಕಾಲೂರಿ ಕೂತಿತ್ತು. ಏಳು ಮಾತ್ರ ಉಳಿದವರು ಆ ಆಟದಲ್ಲಿ ಹಾಗೆ ಕೂರುತ್ತಾರೆ. ಆದರೂ ಹುಡುಗಿ ಕೋಲನ್ನು ಮುಂದಕ್ಕೇ ಹಿಡಿದಿದ್ದಳು.

ಎಷ್ಟೋ ಹೊತ್ತು ಅವನು ಅದನ್ನೇ ನೋಡಿದ. ಅಜ್ಜ ಕಾದ. ಇನ್ವರ್ಟರ್ ಎರಡು ಸಲ ಕೂಗಿತು. ತಂಗಿಯ ಬೆರಳು ಅವನ ಹೆಬ್ಬೆರಳಿನ ಮೇಲೆ ಬೆಚ್ಚಗೆ ಇತ್ತು. ಅವನು ಆ ಬೆರಳನ್ನೂ ಜೊತೆಗೇ ಕರೆದುಕೊಂಡು ಒಂದು ಸಾಲು ಕೆಳಗೆ ಇಳಿದ. ಟಿಕ್ ಎಂದಿತು. ಒತ್ತಿದ.

“ಬೇಡ,” ಎಂದ ಯೂಸುಫ್.